ಟ್ರೈನಿಂಗ್ ವಿಭಾಗಕ್ಕೆ ಹೊಸಬಳು: ಮೂಲ ಪುಸ್ತಕಗಳನ್ನು ಯಾವ ಕ್ರಮದಲ್ಲಿ ಓದಲಿ?

ಏಳನೇ ಲೈನ್ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ನಾನು ಮೊದಲು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತಿದ್ದೆ. ಈಗ ದೊಡ್ಡಬಳ್ಳಾಪುರದ ಕಡೆ ಒಂದು ಗಾರ್ಮೆಂಟ್ಸ್‌ನ ಟ್ರೈನಿಂಗ್ ವಿಭಾಗದಲ್ಲಿದ್ದೇನೆ. ಗಂಡಸರ ಫಾರ್ಮಲ್ ಶರ್ಟ್ ಹೊಲಿಯುವ ಫ್ಯಾಕ್ಟರಿ. ಕಾಲರ್ ಮತ್ತು ಕಫ್ ಸೆಕ್ಷನ್‌ನಲ್ಲಿ ಆಲ್ಟರ್ ಪೀಸ್ (ತಪ್ಪಾಗಿ ಮತ್ತೆ ಸರಿಪಡಿಸಬೇಕಾದದ್ದು) ಜಾಸ್ತಿಯಾಗಿದೆ ಅಂತ ಪ್ರೊಡಕ್ಷನ್ ಮ್ಯಾನೇಜರ್ ಸಿಟ್ಟಾಗಿದ್ದಾರೆ. "ಎಲ್ಲ ಟೈಲರ್‌ಗಳಿಗೂ ಒಂದು ದಿನ ರಿಫ್ರೆಶರ್ ಟ್ರೈನಿಂಗ್ ಕೊಡಿ. ಮುಂಚೆ ಒಂದು ಟೆಸ್ಟ್, ಆಮೇಲೆ ಒಂದು ಟೆಸ್ಟ್ ಮಾಡಿ ರಿಪೋರ್ಟ್ ಕೊಡಿ" ಅಂದಿದ್ದಾರೆ.

ಅಲ್ಲಿ ಕೂತಿರುವವರೆಲ್ಲ ವರ್ಷಗಟ್ಟಲೆ ಕಾಲರ್ ಹೊಲಿದ ಹೆಂಗಸರು. ಅವರಿಗೆ ನಾನು ಕಾಲರ್ ಹೊಲಿಯುವುದನ್ನು ಏನಂತ ಹೇಳಿಕೊಡಲಿ? ಇದೇ ಟ್ರೈನಿಂಗ್ ಹಿಂದೆಯೂ ಆಗಿದೆಯಂತೆ. ಕೆಲವು ದಿನ ಸರಿಹೋಗಿ ಮತ್ತೆ ಮೊದಲಿನ ಹಾಗೇ ಆಯಿತಂತೆ.

ನೆಟ್‌ನಲ್ಲಿ ಹುಡುಕಿದರೆ ಬ್ಲೂಮ್, ಗ್ಯಾನ್ಯೆ, ಆ್ಯಡಿ, ಕರ್ಕ್‌ಪ್ಯಾಟ್ರಿಕ್ ಅಂತ ಹೆಸರುಗಳು ಸಾಲಾಗಿ ಬರುತ್ತವೆ. ಬಿ.ಎಡ್‌ನಲ್ಲಿ ಬ್ಲೂಮ್ ಓದಿದ್ದು ನೆನಪಿದೆ. ಉಳಿದದ್ದರಲ್ಲಿ ಯಾವುದು ಮೂಲ, ಯಾವುದು ಯಾರೋ ಎತ್ತಿ ಬರೆದದ್ದು ಅಂತ ತಿಳಿಯುತ್ತಿಲ್ಲ. ಇಂಗ್ಲಿಷ್ ಓದುತ್ತೇನೆ, ಆದರೆ ನಿಧಾನ. ಮಗು ಮಲಗಿದ ಮೇಲೆ ಸಿಗುವ ಹೊತ್ತಿನಲ್ಲೇ ಓದಬೇಕು. ನಾಲ್ಕೈದು ಪುಸ್ತಕ, ಯಾವುದರ ನಂತರ ಯಾವುದು, ಯಾಕೆ ಅಂತ ತಿಳಿದವರು ಹೇಳಿದರೆ ಉಪಕಾರ.

ಹಳೇ ಟೂಲ್‌ರೂಮ್ ಬರೆದದ್ದು

ಮೇಡಂ, ನಾನು ಪೀಣ್ಯದ ಒಂದು ಟೂಲ್‌ರೂಮ್‌ಗೆ ಅಪ್ರೆಂಟಿಸ್ ಆಗಿ ಸೇರಿ, ಟ್ರೈನಿಂಗ್ ಇನ್‌ಚಾರ್ಜ್ ಆಗಿ ನಿವೃತ್ತನಾದವನು. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ಪಾಠ ಹೇಗೆ ಕಟ್ಟಬೇಕು ಅನ್ನುವ ಪುಸ್ತಕಗಳನ್ನು ಸದ್ಯಕ್ಕೆ ಮುಟ್ಟಬೇಡಿ. ಪಾಠ ಬೇಕೋ ಬೇಡವೋ ಅಂತ ಕೇಳುವ ಪುಸ್ತಕಗಳನ್ನು ಮೊದಲು ಓದಿ. ನೆಟ್‌ನಲ್ಲಿ ಸಿಗುವ ಪಟ್ಟಿಗಳೆಲ್ಲ ಈ ಕ್ರಮವನ್ನು ತಲೆಕೆಳಗು ಮಾಡಿಕೊಂಡಿವೆ. ಬ್ಲೂಮ್‌ನಿಂದ ಶುರುಮಾಡಿಸುತ್ತವೆ. ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಕಲಿಕೆಯ ಗುರಿಗಳ ವರ್ಗೀಕರಣ ಮಾಡಿದ್ದು ಕಾಲೇಜು ಪರೀಕ್ಷೆಗಳ ಪ್ರಶ್ನೆಗಳನ್ನು ವಿಂಗಡಿಸುವ ಅಗತ್ಯಕ್ಕೆ. ಆಲ್ಟರ್ ಯಾಕೆ ಬರುತ್ತಿದೆ ಅಂತ ಅದು ಹೇಳಲಾರದು.

ಮೊದಲನೆಯದು ರಾಬರ್ಟ್ ಮೇಗರ್ ಮತ್ತು ಪೀಟರ್ ಪೈಪ್ 1970ರಲ್ಲಿ ತಂದ 'ಅನಲೈಸಿಂಗ್ ಪರ್ಫಾರ್ಮೆನ್ಸ್ ಪ್ರಾಬ್ಲಮ್ಸ್'. ತೆಳು ಪುಸ್ತಕ, ಆಡುಮಾತಿನ ಇಂಗ್ಲಿಷ್. ಇಡೀ ಪುಸ್ತಕದ ಬೆನ್ನೆಲುಬು ಒಂದು ಪ್ರಶ್ನೆ: ಪ್ರಾಣದ ಮೇಲೆ ಬಂದರೆ ಈ ಮನುಷ್ಯ ಈ ಕೆಲಸ ಮಾಡಬಲ್ಲನೇ? ಮಾಡಬಲ್ಲ ಅಂತಾದರೆ ಅವನಿಗೆ ಬರುತ್ತದೆ ಅಂತಲೇ ಅರ್ಥ. ಬರುವುದನ್ನು ಮತ್ತೆ ಹೇಳಿಕೊಟ್ಟು ಏನೂ ಆಗುವುದಿಲ್ಲ. ಆಗ ಬೇರೆ ನಾಲ್ಕು ಕೇಳಬೇಕು ಅನ್ನುತ್ತಾರೆ ಅವರು. ಸರಿಯಾಗಿ ಮಾಡಿದವರಿಗೆ ಶಿಕ್ಷೆಯಾಗುತ್ತಿದೆಯೇ? ಮಾಡದವರಿಗೆ ಲಾಭವಾಗುತ್ತಿದೆಯೇ? ಮಾಡಿದರೂ ಬಿಟ್ಟರೂ ಒಂದೇ ಅನ್ನುವ ಹಾಗಿದೆಯೇ? ಅಡ್ಡಿ ಏನಾದರೂ ಇದೆಯೇ? ನಿಮ್ಮ ಲೈನ್‌ನಲ್ಲಿ ಚೆನ್ನಾಗಿ ಹೊಲಿಯುವವಳಿಗೇ ಕಷ್ಟದ ಬಂಡಲ್, ಬೇರೆಯವರ ಆಲ್ಟರ್ ಬಿಚ್ಚಿ ಹೊಲಿಯುವ ಕೆಲಸ ಹೋಗುತ್ತಿದೆಯಾ ನೋಡಿ. ಹೋಗುತ್ತಿದ್ದರೆ ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿತು.

ಎರಡನೆಯದು ದೊಡ್ಡದು. ಥಾಮಸ್ ಗಿಲ್ಬರ್ಟ್, 'ಹ್ಯೂಮನ್ ಕಾಂಪಿಟೆನ್ಸ್', 1978. 2007ರಲ್ಲಿ ಮರುಮುದ್ರಣವಾಗಿದೆ. ಈ ಕ್ಷೇತ್ರಕ್ಕೆ ಒಂದೇ ಪುಸ್ತಕ ಉಳಿಯಬೇಕು ಅಂದರೆ ನಾನು ಇದನ್ನೇ ಉಳಿಸುತ್ತೇನೆ. ಗಿಲ್ಬರ್ಟ್ ವರ್ತನಾವಾದಿ ಸ್ಕಿನ್ನರ್ ಪರಂಪರೆಯಿಂದ ಬಂದ ಮನಶ್ಶಾಸ್ತ್ರಜ್ಞ. ಕಲಿಕೆಯ ಕಾರ್ಯಕ್ರಮಗಳನ್ನು ಕಟ್ಟುತ್ತಲೇ ಇದ್ದವರು ಕಲಿಕೆಗಿಂತ ಕೆಲಸದ ಜಾಗವೇ ಮುಖ್ಯ ಅನ್ನುವ ತೀರ್ಮಾನಕ್ಕೆ ಬಂದರು. ಓದಲು ಕಷ್ಟದ ಪುಸ್ತಕ, ಪ್ರಮೇಯಗಳ ರೂಪದಲ್ಲಿ ವಾದ ಕಟ್ಟುತ್ತಾರೆ. ನೀವು ಗಣಿತದವರು, ಹೆದರಬೇಕಿಲ್ಲ. ಅವರ ಮೊದಲ ಸೂತ್ರವೇ ಒಂದು ಭಿನ್ನರಾಶಿ: ಮೇಲೆ ಸಾಧನೆಯ ಬೆಲೆ, ಕೆಳಗೆ ಅದನ್ನು ಸಾಧಿಸಲು ವ್ಯಕ್ತಿ ಮಾಡಿದ ವರ್ತನೆಗೆ ತಗುಲಿದ ಖರ್ಚು. ಬೆವರು ಸುರಿಸುವುದು, ಜ್ಞಾನ ತುಂಬಿಕೊಳ್ಳುವುದು ಎಲ್ಲ ಕೆಳಗಿನ ಅಂಕಿಗೆ ಸೇರುತ್ತದೆ. ಮೇಲಿನದು ಬೆಳೆಯದೆ ಕೆಳಗಿನದನ್ನಷ್ಟೇ ಬೆಳೆಸುವ ಟ್ರೈನಿಂಗ್ ನಷ್ಟ.

ಆಮೇಲೆ ಆರು ಖಾನೆಗಳ ಅಧ್ಯಾಯ. ಇದನ್ನು ಕಾಗದದ ಮೇಲೆ ಗೆರೆ ಎಳೆದುಕೊಂಡು ಓದಿ. ಮೇಲಿನ ಸಾಲು ಪರಿಸರದ್ದು: ಮಾಹಿತಿ, ಸಲಕರಣೆ, ಪ್ರತಿಫಲ. ಕೆಳಗಿನ ಸಾಲು ವ್ಯಕ್ತಿಯದು: ತಿಳಿವಳಿಕೆ, ಸಾಮರ್ಥ್ಯ, ಆಸೆ. ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಹೋಗಬೇಕು, ಯಾಕೆಂದರೆ ಮೇಲಿನ ಸಾಲಿನಲ್ಲಿ ಕಡಿಮೆ ಖರ್ಚಿಗೆ ಹೆಚ್ಚು ಫಲ ಸಿಗುತ್ತದೆ. ಟ್ರೈನಿಂಗ್ ಬರುವುದು ನಾಲ್ಕನೇ ಖಾನೆಯಲ್ಲಿ. ನಿಮ್ಮ ಮ್ಯಾನೇಜರ್ ಮೂರು ಖಾನೆ ಹಾರಿ ನೇರ ಅಲ್ಲಿಗೆ ಬಂದಿದ್ದಾರೆ. ಅವರೊಬ್ಬರೇ ಅಲ್ಲ, ನಾನು ಕಂಡ ಬಹುಪಾಲು ಮ್ಯಾನೇಜರ್‌ಗಳು ಹಾಗೇ.

ನಿಮ್ಮ ಸೆಕ್ಷನ್ ಇಟ್ಟುಕೊಂಡೇ ನೋಡೋಣ. ಗಾರ್ಮೆಂಟ್ಸ್‌ನಲ್ಲಿ ನಾನು ಕೆಲಸ ಮಾಡಿಲ್ಲ. ನನ್ನ ತಂಗಿ ಶರ್ಟ್ ಲೈನ್‌ನಲ್ಲಿ ಸೂಪರ್‌ವೈಸರ್ ಆಗಿದ್ದಳು, ಅವಳಿಂದ ಕೇಳಿದ್ದನ್ನು ಆಧಾರ ಮಾಡಿ ಹೇಳುತ್ತೇನೆ.

ಮಾಹಿತಿ: ಕಾಲರ್ ಹೊಲಿದವಳಿಗೆ ತನ್ನ ಪೀಸ್ ಆಲ್ಟರ್ ಆಗಿದೆ ಅಂತ ಯಾವಾಗ ಗೊತ್ತಾಗುತ್ತದೆ? ಲೈನ್ ಕೊನೆಯ ಚೆಕ್ಕಿಂಗ್‌ನಲ್ಲಿ ಹಿಡಿದು, ಮಾರನೆ ದಿನ "ನಿನ್ನೆ ಇಷ್ಟು ಆಲ್ಟರ್" ಅಂತ ಬೈದರೆ ಅದು ಬೈಗುಳವಾಯಿತೇ ಹೊರತು ಮಾಹಿತಿಯಲ್ಲ. ಯಾವ ಪೀಸ್, ಎಲ್ಲಿ, ಎಷ್ಟು ವಾರೆ ಅಂತ ಆ ಬಂಡಲ್ ಕೈಯಲ್ಲಿರುವಾಗಲೇ ತಿಳಿಯಬೇಕು. ಒಪ್ಪಿಗೆಯಾದ ಸ್ಯಾಂಪಲ್ ಅವಳ ಕಣ್ಣೆದುರು ನೇತಾಡುತ್ತಿದೆಯೇ, ಇಲ್ಲ ಕ್ವಾಲಿಟಿಯವರ ಬೀರುವಿನಲ್ಲಿದೆಯೇ?

ಸಲಕರಣೆ: ಇಲ್ಲಿ ಸೂಜಿ ನೋಡಿ. ಮುರಿದ ಸೂಜಿಯ ಚೂರುಗಳನ್ನೆಲ್ಲ ಹುಡುಕಿ ಕೊಟ್ಟ ಮೇಲೆಯೇ ಹೊಸ ಸೂಜಿ ಅನ್ನುವ ನಿಯಮ ಎಕ್ಸ್‌ಪೋರ್ಟ್ ಗಾರ್ಮೆಂಟ್ಸ್‌ನಲ್ಲಿ ಸಾಮಾನ್ಯವಾಗಿ ಇರುತ್ತದೆ. ಬಟ್ಟೆಯಲ್ಲಿ ಚೂರು ಉಳಿದರೆ ತೊಟ್ಟವರಿಗೆ ಚುಚ್ಚುತ್ತದೆ, ಆ ನಿಯಮ ಇರಲೇಬೇಕು. ಆದರೆ ಮೊಂಡಾದ ಸೂಜಿ ಬದಲಿಸಲಿಕ್ಕೂ ಎದ್ದು ಹೋಗಿ, ಸಹಿ ಹಾಕಿಸಿ, ಕಾದು ಬರಬೇಕಾದರೆ ಗಂಟೆಯ ಟಾರ್ಗೆಟ್ ಏನಾಗುತ್ತದೆ? ಮೊಂಡು ಸೂಜಿಯಲ್ಲೇ ಹೊಲಿಯುತ್ತಾರೆ. ಹೊಲಿಗೆ ಬಿಟ್ಟುಬಿಟ್ಟು ಬೀಳುತ್ತದೆ. ರಿಪೋರ್ಟ್‌ನಲ್ಲಿ ಅದು "ಟೈಲರ್ ಅಜಾಗರೂಕತೆ" ಆಗುತ್ತದೆ.

ಪ್ರತಿಫಲ: ಇನ್ಸೆಂಟಿವ್ ಒಟ್ಟು ಪೀಸ್ ಮೇಲೋ, ಪಾಸಾದ ಪೀಸ್ ಮೇಲೋ? ಆಲ್ಟರ್ ಬಿಚ್ಚಿ ಹೊಲಿಯುವ ಹೊತ್ತು ಯಾರ ಲೆಕ್ಕಕ್ಕೆ?

ಈ ಮೂರು ಸರಿ ಇದ್ದೂ ತಪ್ಪು ಬರುತ್ತಿದ್ದರೆ ಆಗ ತಿಳಿವಳಿಕೆಗೆ ಬನ್ನಿ. ಗಿಲ್ಬರ್ಟ್ ಕೊಡುವ ಇನ್ನೊಂದು ಅಳತೆ ನಿಮಗೆ ಇಷ್ಟವಾಗುತ್ತದೆ: ಅತ್ಯುತ್ತಮ ಕೆಲಸಗಾರಳ ಸಾಧನೆಯನ್ನು ಸಾಮಾನ್ಯ ಸಾಧನೆಯಿಂದ ಭಾಗಿಸಿ. ಉತ್ತರ ಒಂದಕ್ಕೆ ಹತ್ತಿರವಿದ್ದರೆ ಎಲ್ಲರೂ ಒಂದೇ ಥರ ಮಾಡುತ್ತಿದ್ದಾರೆ, ಒಬ್ಬೊಬ್ಬರನ್ನು ತಿದ್ದಿ ಹೆಚ್ಚೇನೂ ಸಿಗದು. ದೊಡ್ಡದಿದ್ದರೆ ಆ ಅತ್ಯುತ್ತಮಳ ಮಗ್ಗುಲಲ್ಲಿ ಕೂತು ನೋಡಿ. ಅವಳ ಕೈಯನ್ನಷ್ಟೇ ನೋಡಬೇಡಿ, ಅವಳ ಮೆಶಿನ್ನು, ಬೆಳಕು, ಬಂಡಲ್ ಬರುವ ಕ್ರಮ ಎಲ್ಲ ನೋಡಿ.

ಮೂರನೆಯದು 'ಇಂಪ್ರೂವಿಂಗ್ ಪರ್ಫಾರ್ಮೆನ್ಸ್'. ಗಿಲ್ಬರ್ಟ್ ಜತೆ ಕೆಲಸ ಮಾಡಿದ ಗಿಯರಿ ರಮ್ಲರ್ ಇನ್ನೊಬ್ಬರೊಂದಿಗೆ ಸೇರಿ 1990ರಲ್ಲಿ ಬರೆದದ್ದು. ಸಂಸ್ಥೆ, ಪ್ರಕ್ರಿಯೆ, ಕೆಲಸಗಾರ ಅಂತ ಮೂರು ಮಟ್ಟದಲ್ಲಿ ನೋಡಲು ಕಲಿಸುತ್ತದೆ. ಆರ್ಗನೈಸೇಷನ್ ಚಾರ್ಟ್‌ನಲ್ಲಿ ಡಬ್ಬಗಳ ನಡುವೆ ಇರುವ ಖಾಲಿ ಜಾಗದಲ್ಲೇ ಕೆಲಸ ಕೆಡುತ್ತದೆ ಅನ್ನುವುದು ಅವರ ವಾದ. ಒಳ್ಳೆಯ ಕೆಲಸಗಾರನನ್ನು ಕೆಟ್ಟ ವ್ಯವಸ್ಥೆಯ ಎದುರು ನಿಲ್ಲಿಸಿದರೆ ಹೆಚ್ಚುಕಡಿಮೆ ಪ್ರತಿ ಸಲ ವ್ಯವಸ್ಥೆಯೇ ಗೆಲ್ಲುತ್ತದೆ ಅನ್ನುವ ಮಾತೂ ಅವರದೇ. ನಿಮ್ಮ ಕಾಲರ್ ಹೊಲಿಗೆಗೆ ಬರುವ ಮೊದಲು ಕಟಿಂಗ್, ಆಮೇಲೆ ಫ್ಯೂಸಿಂಗ್ (ಕಾಲರ್ ಗಟ್ಟಿ ನಿಲ್ಲಲು ಒಳಗೆ ಕ್ಯಾನ್ವಾಸ್ ಬಿಸಿಮಾಡಿ ಅಂಟಿಸುವುದು) ದಾಟಿ ಬರುತ್ತದಲ್ಲ? ಒಳಗಿನ ಕ್ಯಾನ್ವಾಸ್ ಬಟ್ಟೆಗೆ ಸರಿಯಾಗಿ ಅಂಟದೆ ಕಾಲರ್ ಗುಳ್ಳೆ ಬಂದರೆ ಹೊಲಿದವಳ ತಪ್ಪೇ? ಶಾಖ, ಒತ್ತಡ, ಹೊತ್ತು, ಈ ಮೂರರಲ್ಲಿ ಒಂದು ತಪ್ಪಿದರೂ ಗುಳ್ಳೆ ಬರುತ್ತದೆ. ಆ ಮೆಶಿನ್ನು ಬೇರೆ ವಿಭಾಗದ್ದು, ಬೈಗುಳ ಮಾತ್ರ ನಿಮ್ಮ ಸೆಕ್ಷನ್‌ಗೆ.

ಕರ್ಕ್‌ಪ್ಯಾಟ್ರಿಕ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಟ್ರೈನಿಂಗ್‌ನ ಫಲ ಅಳೆಯುವ ಅವರ ನಾಲ್ಕು ಮೆಟ್ಟಿಲು 1959-60ರಲ್ಲಿ ಒಂದು ಪತ್ರಿಕೆಗೆ ಬರೆದ ನಾಲ್ಕು ಲೇಖನಗಳಿಂದ ಶುರು: ಪ್ರತಿಕ್ರಿಯೆ, ಕಲಿಕೆ, ವರ್ತನೆ, ಫಲಿತಾಂಶ. ಪುಸ್ತಕ ಬಂದದ್ದು 1994ರಲ್ಲಿ. ನಿಮ್ಮಿಂದ ಕೇಳಿರುವ ಮುಂಚಿನ ಟೆಸ್ಟ್, ಆಮೇಲಿನ ಟೆಸ್ಟ್ ಎರಡನೇ ಮೆಟ್ಟಿಲು ದಾಟುವುದಿಲ್ಲ. ಆಲ್ಟರ್ ಇಳಿಯಬೇಕಾದ್ದು ನಾಲ್ಕನೆಯದರಲ್ಲಿ. ಆ ತುದಿಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬನ್ನಿ.

ಪಾಠಪಟ್ಟಿ ಬರೆದದ್ದು

ಟೂಲ್‌ರೂಮ್ ಸರ್ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಪಾಠ ಕಟ್ಟುವ ಪುಸ್ತಕಗಳನ್ನು ಬಹಳ ದಿನ ಪಕ್ಕಕ್ಕಿಡಬೇಡಿ ಮೇಡಂ. ನಿಮ್ಮಲ್ಲಿ ಹೆಲ್ಪರ್ ಆಗಿ ಸೇರಿ ಟೈಲರ್ ಆಗಬೇಕಾದ ಹುಡುಗಿಯರೂ ಇರುತ್ತಾರಲ್ಲ. ಅವರಿಗೆ ನಿಜವಾಗಿ ಕೆಲಸ ಬರುವುದಿಲ್ಲ. ಅಲ್ಲಿ ಕೆಟ್ಟ ಪಾಠದಿಂದ ಆಗುವ ಹಾನಿ ಅವರ ಸಂಬಳಕ್ಕೂ ಮರ್ಯಾದೆಗೂ ತಾಗುತ್ತದೆ. ನಾನು ಬೆಂಗಳೂರಿನಲ್ಲಿ ಇ-ಲರ್ನಿಂಗ್ ಕೋರ್ಸ್ ಬರೆಯುವವಳು, ನನ್ನ ಕ್ರಮ ಹೇಳುತ್ತೇನೆ.

ರಾಬರ್ಟ್ ಗ್ಯಾನ್ಯೆಯವರ 'ದಿ ಕಂಡಿಷನ್ಸ್ ಆಫ್ ಲರ್ನಿಂಗ್', 1965, ದೊಡ್ಡ ಗ್ರಂಥ. ಅದಕ್ಕಿಂತ ಮೊದಲು 1962ರಲ್ಲಿ ಅವರು ಸೇನಾ ತರಬೇತಿಯ ಬಗ್ಗೆ ಬರೆದ ಒಂದು ಲೇಖನ ಓದಿ, ಕೆಲವೇ ಪುಟ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಾಯುಪಡೆಗೆ ಕೆಲಸ ಮಾಡಿದ ಅನುಭವದವರು. ಅಭ್ಯಾಸ ಮಾಡಿಸು, ಮೆಚ್ಚುಗೆ ಕೊಡು ಅನ್ನುವಂಥ ಪ್ರಯೋಗಾಲಯದ ತತ್ವಗಳು ನಿಜವಾದ ಕೆಲಸ ಕಲಿಸುವಾಗ ಸಾಲುವುದಿಲ್ಲ ಅನ್ನುತ್ತಾರೆ. ಕೆಲಸವನ್ನು ಬಿಡಿಸಿ ಅದರೊಳಗಿನ ಚಿಕ್ಕ ಕೆಲಸಗಳೇನು ಅಂತ ಗುರುತಿಸುವುದು, ಯಾವುದು ಬಂದ ಮೇಲೆ ಯಾವುದು ಅಂತ ಜೋಡಿಸುವುದು, ಅದು ಹೆಚ್ಚು ಕೆಲಸಕ್ಕೆ ಬರುತ್ತದೆ ಅನ್ನುವುದು ಅವರ ವಾದ. ಈ ಲೇಖನ ಓದಿದ ಮೇಲೆ ಪಾಠ ನಡೆಸುವ ಅವರ ಪ್ರಸಿದ್ಧ ಒಂಬತ್ತು ಹಂತಗಳು ಬಾಯಿಪಾಠದ ಪಟ್ಟಿಯಾಗಿ ಕಾಣುವುದಿಲ್ಲ.

ಅದೇ 1962ರಲ್ಲಿ ಮೇಗರ್ ಬರೆದ ಪುಸ್ತಕ ಕಲಿಕೆಯ ಗುರಿ ಬರೆಯುವುದರ ಬಗ್ಗೆ. ಏನು ಮಾಡಿ ತೋರಿಸಬೇಕು, ಯಾವ ಸ್ಥಿತಿಯಲ್ಲಿ, ಎಷ್ಟು ಚೆನ್ನಾಗಿ. ಇಷ್ಟೇ. ಬಿ.ಎಡ್ ಪಾಠಯೋಜನೆಯಲ್ಲಿ "ಅರ್ಥಮಾಡಿಕೊಳ್ಳುವರು" ಅಂತ ಬರೆದು ಅಭ್ಯಾಸವಾದವರಿಗೆ ಇದು ಬೇಕೇ ಬೇಕು.

ಆಮೇಲೆ ಡೇವಿಡ್ ಮೆರಿಲ್ 2002ರಲ್ಲಿ ಬರೆದ ಲೇಖನ. ಅಲ್ಲಿಯವರೆಗಿನ ಹಲವು ಸಿದ್ಧಾಂತಗಳನ್ನು ಜಾಲಾಡಿ ಐದು ತತ್ವ ಮಾತ್ರ ಉಳಿಸಿಕೊಂಡರು: ನಿಜವಾದ ಸಮಸ್ಯೆಯಿಂದ ಹೊರಡು, ಅವರಿಗೆ ಗೊತ್ತಿರುವುದನ್ನು ಎಬ್ಬಿಸು, ಮಾಡಿ ತೋರಿಸು, ಅವರಿಂದ ಮಾಡಿಸು, ಅವರ ದಿನದ ಕೆಲಸಕ್ಕೆ ಸೇರಿಸು. ಜತೆಗೆ ಜಾನ್ ಸ್ವೆಲರ್, 1988ರಿಂದ. ಗಣಿತ ಕಲಿಸಿದವರಿಗೆ ಅವರ ಮಾತು ಚೆನ್ನಾಗಿ ಹಿಡಿಯುತ್ತದೆ: ಹೊಸಬರಿಗೆ ಸಮಸ್ಯೆ ಕೊಟ್ಟು ಒದ್ದಾಡಿಸುವುದಕ್ಕಿಂತ ಬಿಡಿಸಿಟ್ಟ ಲೆಕ್ಕ ತೋರಿಸುವುದು ಮೇಲು, ಯಾಕೆಂದರೆ ಆ ಹೊತ್ತಿಗೆ ಮನಸ್ಸು ಹೊರಬಲ್ಲ ಭಾರ ಕಡಿಮೆ.

ಲೈನ್‌ನ ಹುಡುಗಿಯರಿಗೆ ಅಂತಾದರೆ ಇನ್ನೂ ಹಳೆಯದೊಂದನ್ನು ನೋಡಿ. 1940ರಿಂದ 45ರವರೆಗೆ ಅಮೆರಿಕದಲ್ಲಿ ಯುದ್ಧಕಾಲದ ಕಾರ್ಖಾನೆಗಳಿಗಾಗಿ ನಡೆದ 'ಟ್ರೈನಿಂಗ್ ವಿಥಿನ್ ಇಂಡಸ್ಟ್ರಿ'. ಅದರ ಬೇರು 1919ರಲ್ಲಿ ಚಾರ್ಲ್ಸ್ ಅಲೆನ್ ಬರೆದ ಪುಸ್ತಕದಲ್ಲಿದೆ. ಸಿದ್ಧಗೊಳಿಸು, ತೋರಿಸು, ಮಾಡಿಸಿ ನೋಡು, ಹಿಂಬಾಲಿಸಿ ವಿಚಾರಿಸು ಅಂತ ನಾಲ್ಕು ಹಂತ, ಜೇಬಿನಲ್ಲಿಟ್ಟುಕೊಳ್ಳುವ ಕಾರ್ಡ್. ಕೆಲಸಗಾರ ಕಲಿತಿಲ್ಲ ಅಂದರೆ ಕಲಿಸುವವನು ಕಲಿಸಿಲ್ಲ ಅಂತ ಆ ಕಾರ್ಡ್‌ನಲ್ಲೇ ಅಚ್ಚಾಗಿತ್ತು. ಸೂಪರ್‌ವೈಸರ್‌ಗಳಿಗೆ ಹೇಳಿಕೊಡಲು ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ.

ಒಂದು ಎಚ್ಚರಿಕೆ. ಓದಿದ್ದರಲ್ಲಿ ಶೇ. 10 ನೆನಪಿರುತ್ತದೆ, ಕೇಳಿದ್ದರಲ್ಲಿ ಶೇ. 20, ಮಾಡಿದ್ದರಲ್ಲಿ ಶೇ. 90 ಅಂತ ಒಂದು ಪಿರಮಿಡ್ಡು ಎಲ್ಲ ಟ್ರೈನಿಂಗ್ ಸ್ಲೈಡ್‌ನಲ್ಲೂ ಇರುತ್ತದೆ, ಕೆಳಗೆ ಎಡ್ಗರ್ ಡೇಲ್ ಹೆಸರು. ಡೇಲ್ 1946ರಲ್ಲಿ ಕೊಟ್ಟ ಶಂಕುವಿನಲ್ಲಿ ಅಂಕಿಗಳೇ ಇಲ್ಲ, ಯಾರೋ ಆಮೇಲೆ ಅಂಟಿಸಿದ್ದು. ಕಣ್ಣಿನಿಂದ ಕಲಿಯುವವರು, ಕಿವಿಯಿಂದ ಕಲಿಯುವವರು ಅಂತ ಜನರನ್ನು ವಿಂಗಡಿಸಿ ಪಾಠ ಬದಲಿಸುವುದಕ್ಕೂ ಸಾಕಷ್ಟು ಆಧಾರವಿಲ್ಲ ಅಂತ ಪ್ಯಾಶ್ಲರ್ ಮತ್ತು ಇತರರ 2008ರ ಪರಿಶೀಲನೆ ಹೇಳುತ್ತದೆ. ಇವೆರಡು ಯಾವ ಪುಸ್ತಕದಲ್ಲಿ ಕಂಡರೂ ಆ ಪುಸ್ತಕದ ಉಳಿದ ಮಾತನ್ನೂ ಅನುಮಾನದಿಂದ ನೋಡಿ.

ಲೇಬರ್ ರೂಮ್ ಸಿಸ್ಟರ್ ಬರೆದದ್ದು

ನಮಸ್ಕಾರ ರೀ. ನಾನು ನರ್ಸ್‌ಗಳಿಗೆ ಟ್ರೈನಿಂಗ್ ಕೊಡಾಕಿ, ಗಾರ್ಮೆಂಟ್ಸ್ ಕೆಲಸ ನನಗ ಗೊತ್ತಿಲ್ಲ. ಆದ್ರ ಸರ್ ಹೇಳಿದ ಆರು ಖಾನೆ ಮಾತು ಹೆರಿಗಿ ಕೋಣಿಗೂ ಹೊಂದತೈತಿ. ಅದಕ್ಕ ಎರಡು ಸಂಶೋಧನಾ ಲೇಖನ ಓದಾಕ ಹೇಳ್ತೀನಿ. ಒಂದು ನಮ್ಮ ಕರ್ನಾಟಕದಾಗ ಆದದ್ದು.

ವಿಶ್ವ ಆರೋಗ್ಯ ಸಂಸ್ಥೆಯವರ ಸುರಕ್ಷಿತ ಹೆರಿಗೆ ಚೆಕ್‌ಲಿಸ್ಟನ್ನ 2010ರಾಗ ಕರ್ನಾಟಕದ ಒಂದು ಹೆರಿಗಿ ಕೇಂದ್ರದಾಗ ಪರೀಕ್ಷಾ ಮಾಡಿದ್ರು. ಮಾಡಬೇಕಾದ ಮುಖ್ಯ ಕೆಲಸ 29. ಕೈ ತೊಳಿಯೂದು, ಬಿ.ಪಿ. ನೋಡೂದು, ಹುಟ್ಟಿದ ಕೂಡ್ಲೇ ಕೂಸಿನ ಆರೈಕಿ, ಇಂಥಾವು. ಚೆಕ್‌ಲಿಸ್ಟ್ ಬರೂಕಿಂತ ಮೊದಲ ಸರಾಸರಿ 10 ಆಗ್ತಿದ್ವು, ಬಂದ ಮ್ಯಾಲೆ 25. ಲೇಖನ 2012ರಾಗ ಬಂತು, ಪ್ಲಾಸ್ ಒನ್ ಪತ್ರಿಕಿದಾಗ ಪುಕ್ಕಟೆ ಸಿಗತೈತಿ. ನರ್ಸ್‌ಗಳಿಗೆ ಹೊಸದಾಗಿ ದೊಡ್ಡ ಪಾಠ ಏನೂ ಹೇಳಲಿಲ್ಲ ಅವರು. ಗೊತ್ತಿದ್ದದ್ದನ್ನ ಬೇಕಾದ ಹೊತ್ತಿನಾಗ ಕಣ್ಣ ಮುಂದ ತಂದಿಟ್ರು. ಸರ್ ಹೇಳಿದ ಮೊದಲನೇ ಖಾನೆ ಇದ.

ಇಲ್ಲಿಗೇ ಓದೂದು ನಿಲ್ಲಿಸಬ್ಯಾಡ್ರಿ. ಅದೇ ಚೆಕ್‌ಲಿಸ್ಟನ್ನ ಉತ್ತರ ಪ್ರದೇಶದ 120 ಕೇಂದ್ರದಾಗ, ಅರ್ಧಕ್ಕ ಕೊಟ್ಟು ಅರ್ಧಕ್ಕ ಕೊಡದ, ಪಕ್ಕದಾಗ ನಿಂತು ತಿದ್ದುವವರನ್ನೂ ಕಳಿಸಿ ದೊಡ್ಡ ಪ್ರಯೋಗ ಮಾಡಿದ್ರು. 2017ರಾಗ ಫಲಿತಾಂಶ ಬಂತು. ಎರಡು ತಿಂಗಳಿಗೆ ಸರಿಯಾದ ಕೆಲಸ ಶೇ. 72.8, ಚೆಕ್‌ಲಿಸ್ಟ್ ಇಲ್ಲದ ಕಡೆ ಶೇ. 41.7. ತಿದ್ದುವವರು ಬರೂದು ನಿಂತ ಮ್ಯಾಲೆ, ಹನ್ನೆರಡು ತಿಂಗಳಿಗೆ ಶೇ. 61.7ಕ್ಕ ಇಳಿತು. ಸಾವು ಮತ್ತ ತಾಯಿಯ ಗಂಭೀರ ತೊಂದರೆ ಕೂಡಿಸಿ ನೋಡಿದ್ರ ಎರಡೂ ಕಡೆ ಹೆಚ್ಚುಕಡಿಮಿ ಒಂದ, ಶೇ. 15.1 ಮತ್ತ 15.3. ಕೆಲಸ ಮಾಡೂ ರೀತಿ ಬದಲಾತು, ಫಲಿತಾಂಶ ಬದಲಾಗಲಿಲ್ಲ. ಕರ್ಕ್‌ಪ್ಯಾಟ್ರಿಕ್ ಅವರ ಮೂರನೇದಕ್ಕೂ ನಾಲ್ಕನೇದಕ್ಕೂ ನಡುವ ಎಷ್ಟು ಅಂತರ ಐತಿ ಅಂತ ನನಗ ಯಾವ ಪುಸ್ತಕಕ್ಕಿಂತ ಈ ಲೇಖನ ಚಲೋ ತಿಳಿಸ್ತು. ನಿಮ್ಮ ರಿಪೋರ್ಟ್‌ನಾಗ ಇವೆರಡೂ ಬ್ಯಾರೆ ಬ್ಯಾರೆ ಬರೀರಿ.

ಏಳನೇ ಲೈನ್ ಬರೆದದ್ದು

ಮೂವರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಕ್ವಾಲಿಟಿಯವರ ಹತ್ತಿರ ಆಲ್ಟರ್ ಶೀಟ್ ಇಸಕೊಂಡು, ಬರೀ ಮೊತ್ತ ಬಿಟ್ಟು ತಪ್ಪಿನ ಜಾತಿ ಪ್ರಕಾರ ವಿಂಗಡಿಸಿದೆ. ಎಲ್ಲಕ್ಕಿಂತ ಹೆಚ್ಚು ಇರುವುದು ಕಾಲರ್ ಗುಳ್ಳೆ. ಟೂಲ್‌ರೂಮ್ ಸರ್, ಫ್ಯೂಸಿಂಗ್ ಮೆಶಿನ್ ಹತ್ತಿರ ಹೋಗಿ ಕೇಳಿದೆ. ಅಲ್ಲಿ ಹೊಸ ಹುಡುಗ ಕೂತಿದ್ದಾನೆ, ಡಿಸ್‌ಪ್ಲೇಯಲ್ಲಿ ತೋರಿಸುವ ಶಾಖವನ್ನೇ ಪುಸ್ತಕಕ್ಕೆ ಬರೆಯುತ್ತಾನೆ. ಅದು ಸರಿಯಾ ಅಂತ ಪರೀಕ್ಷೆ ಮಾಡುವ, ಶಾಖ ತೋರಿಸುವ ಕಾಗದದ ಪಟ್ಟಿಗಳ ಡಬ್ಬ ಡ್ರಾಯರ್‌ನಲ್ಲೇ ಇದೆ. ಸೂಜಿ ಬದಲಿಸುವ ಕಥೆಯೂ ನೀವು ಹೇಳಿದಂತೆಯೇ ಇದೆ.

ಈಗ ಮ್ಯಾನೇಜರ್‌ಗೆ ಏನು ಹೇಳಲಿ? ಟ್ರೈನಿಂಗ್ ಬೇಡ ಅಂದರೆ, ಕೆಲಸಕ್ಕೆ ಹೆದರಿದಳು ಅಂದುಕೊಳ್ಳುತ್ತಾರೆ.

ಹಳೇ ಟೂಲ್‌ರೂಮ್ ಬರೆದದ್ದು

ಬೇಡ ಅನ್ನಬೇಡಿ. ಜೋ ಹಾರ್ಲೆಸ್ ಅಂತ ಇನ್ನೊಬ್ಬರಿದ್ದರು, ಇದೇ ಕೆಲಸಕ್ಕೆ ಫ್ರಂಟ್-ಎಂಡ್ ಅನಾಲಿಸಿಸ್ ಅಂತ ಹೆಸರು ಕೊಟ್ಟವರು. ಕಾರಣ ಹುಡುಕುವುದು ಟ್ರೈನಿಂಗ್ ಕೆಲಸದ್ದೇ ಮೊದಲ ಭಾಗ ಅನ್ನುವುದು ಅವರ ನಿಲುವು. ನೀವೂ ಹಾಗೇ ಹೇಳಿ: "ಸರ್, ಟ್ರೈನಿಂಗ್ ಶುರುವಾಗಿದೆ, ಮೊದಲ ಹಂತ ಇದು." ವಿಂಗಡಿಸಿದ ಶೀಟ್ ಮೇಜಿನ ಮೇಲಿಡಿ. ಒಂದು ದಿನ ಇಡೀ ಸೆಕ್ಷನ್ ನಿಲ್ಲಿಸಿದರೆ ಎಷ್ಟು ಶರ್ಟ್ ತಪ್ಪುತ್ತದೆ ಅಂತ ಲೆಕ್ಕ ಮಾಡಿ ಪಕ್ಕದಲ್ಲಿ ಬರೆಯಿರಿ, ಆ ಭಾಷೆ ಅವರಿಗೆ ತಕ್ಷಣ ತಿಳಿಯುತ್ತದೆ. ಮೂರು ಕೇಳಿ. ಫ್ಯೂಸಿಂಗ್ ಹುಡುಗನಿಗೆ ಅರ್ಧ ದಿನದ ಪಾಠ, ಅವನಿಗೆ ನಿಜವಾಗಿ ಬೇಕು. ಮೊಂಡು ಸೂಜಿಯನ್ನು ಕೂತ ಜಾಗದಲ್ಲೇ ಬದಲಿಸಿ ಕೊಡುವ ವ್ಯವಸ್ಥೆ, ಮುರಿದ ಸೂಜಿಯ ನಿಯಮ ಹಾಗೇ ಇರಲಿ. ಚೆಕ್ಕರ್ ತಪ್ಪು ಕಂಡ ಗಂಟೆಯಲ್ಲೇ ಟೈಲರ್‌ಗೆ ಪೀಸ್ ತೋರಿಸುವುದು. ಟೈಲರ್‌ಗಳ ರಿಫ್ರೆಶರ್ ಬೇಕಾ ಅಂತ ಇವು ಆದ ಮೇಲೆ ಶೀಟ್ ನೋಡಿ ತೀರ್ಮಾನಿಸೋಣ ಅನ್ನಿ. ಒಪ್ಪದಿದ್ದರೆ ಒಂದು ಲೈನ್‌ನಲ್ಲಿ ಮಾತ್ರ ಮಾಡಿ ತೋರಿಸಲು ಅನುಮತಿ ಕೇಳಿ, ಪಕ್ಕದ ಲೈನ್ ಹಾಗೇ ಇರಲಿ, ಹೋಲಿಸಲು ಬೇಕಾಗುತ್ತದೆ.

ಪಾಠಪಟ್ಟಿ ಬರೆದದ್ದು

ಫ್ಯೂಸಿಂಗ್ ಹುಡುಗನ ಪಾಠಕ್ಕೆ ಮೇಗರ್ ರೀತಿಯಲ್ಲಿ ಗುರಿ ಬರೆದು ಕೊಡುತ್ತೇನೆ, ನಿಮ್ಮ ಮೆಶಿನ್‌ಗೆ ತಕ್ಕಂತೆ ತಿದ್ದಿಕೊಳ್ಳಿ: "ಶಿಫ್ಟ್ ಶುರುವಿನಲ್ಲಿ ಮತ್ತು ಬಟ್ಟೆ ಬದಲಾದಾಗಲೆಲ್ಲ, ಯಾರ ಸಹಾಯವೂ ಇಲ್ಲದೆ, ಶಾಖದ ಪಟ್ಟಿಯನ್ನು ಬಟ್ಟೆಗೂ ಕ್ಯಾನ್ವಾಸಿಗೂ ನಡುವೆ ಇಟ್ಟು ಬೆಲ್ಟ್‌ನ ಎಡ, ನಡು, ಬಲ ಮೂರೂ ಕಡೆ ಹಾಯಿಸುತ್ತಾನೆ. ಮೂರೂ ಓದಿಕೆ ಆ ಕ್ಯಾನ್ವಾಸಿನ ಸ್ಪೆಸಿಫಿಕೇಶನ್ ಒಳಗಿದ್ದರೆ ಮಾತ್ರ ಬಂಡಲ್ ಬಿಡುತ್ತಾನೆ. ಒಂದು ಹೊರಗಿದ್ದರೂ ಮೆಶಿನ್ ನಿಲ್ಲಿಸಿ ಮೆಕ್ಯಾನಿಕ್‌ನನ್ನು ಕರೆಯುತ್ತಾನೆ." ಕೊನೆಯ ವಾಕ್ಯಕ್ಕೆ ಮ್ಯಾನೇಜರ್ ಸಹಿ ಹಾಕಿಸಿಕೊಳ್ಳಿ. ಮೆಶಿನ್ ನಿಲ್ಲಿಸಿದ್ದಕ್ಕೆ ಆ ಹುಡುಗನನ್ನು ಯಾರೂ ಬೈಯುವ ಹಾಗಾಗಬಾರದು.